ಡಾಂಬರಿಗೂ ಗರಸಿಗೂ ಒಂದೇ ಸೈಕಲ್: ವೆಲೊಸಿಯೊ ಎಂಬ ಹಠವಾದಿ

ಈ ಸಲ ಪತ್ರಿಕೆಯಲ್ಲಿ ಯಾರ ಜೀವನ ಬರೀಬೇಕು ಅಂತ ಕೂತಾಗ ನಮ್ಮ ಪಟ್ಟಿಯಲ್ಲಿ ಮಾಮೂಲಿ ಹೆಸರುಗಳೇ ಇದ್ದವು. ವಿಶ್ವೇಶ್ವರಯ್ಯನವರ ಬಗ್ಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಬರೀತೇವೆ. ಟೆಸ್ಲಾ ಬಗ್ಗೆ ಎಲೆಕ್ಟ್ರಿಕಲ್‌ನವರು ವರ್ಷಕ್ಕೆರಡು ಲೇಖನ ಕಳಿಸ್ತಾರೆ. ಅಷ್ಟರಲ್ಲಿ ಹಾಸ್ಟೆಲಿನಲ್ಲಿ ಒಂದು ಜಗಳ ಶುರುವಾಯ್ತು. ಆ ಜಗಳವೇ ನಮ್ಮನ್ನ ಫ್ರಾನ್ಸ್ ದೇಶದ ಒಬ್ಬ ಮೀಸೆ ಮುದುಕನ ಹತ್ತಿರ ಕರಕೊಂಡು ಹೋಯ್ತು.

ಜಗಳ ಸೈಕಲ್ಲಿಂದು. ನಮ್ಮ ಗೆಳೆಯನೊಬ್ಬನ ಊರು ಕಮಲಾಪುರದಿಂದ ಒಳಗ ಆರೇಳು ಕಿಲೋಮೀಟರ್. ಕಲಬುರಗಿಯಿಂದ ಹುಮನಾಬಾದ್ ಹೆದ್ದಾರಿ ಹಿಡಿದರ ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರ, ಸುಮಾರು 35 ಕಿ.ಮೀ. ಅಲ್ಲೀತನಕ ಬಸ್ಸಿಗೆ ಬರ ಇಲ್ಲ. ಅಲ್ಲಿಂದ ಮುಂದೆ ಗರಸಿನ ಹಾದಿ. ಟಂಟಂ ಸಿಕ್ಕರ ಸಿಕ್ತು, ಇಲ್ಲಂದ್ರ ಕಾಲೇ ಗತಿ. ತೊಗರಿ ರಾಶಿ ಬಂತಂದ್ರ ಅವನು ಪ್ರತಿ ಶನಿವಾರ ಮನೆಗೆ ಹೋಗಲೇಬೇಕು, ಯಾಕಂದ್ರ ಮನೆಯಲ್ಲಿ ದುಡಿಯೋ ಕೈ ಕಮ್ಮಿ. ಸ್ಕಾಲರ್‌ಶಿಪ್ ರೊಕ್ಕ ಬಂದಿತ್ತು. ಅದರಾಗ ಒಂದು ಸೈಕಲ್ ತಗೋತೀನಿ, ವಾರವೆಲ್ಲ ಕಾಲೇಜಿಗೆ, ಪ್ಯಾಟಿಗೆ. ಶನಿವಾರ ಊರಿಗೆ ಅಂತ ಅವನ ಲೆಕ್ಕ. ಎರಡು ಸೈಕಲ್ಲಿಗೆ ರೊಕ್ಕ ಇಲ್ಲ. ಒಂದೇ ಆಗಬೇಕು, ಒಮ್ಮೆ ತಗೊಂಡರ ನಾಕು ವರ್ಷ ಬಾಳಬೇಕು.

ಸಲಹೆ ಕೊಡೋಕೆ ನಮ್ಮ ಹಾಸ್ಟೆಲಿನಲ್ಲಿ ಯಾರಿಗೆ ಬಡತನ? ಒಬ್ಬ ರೇಸಿನ ಸೈಕಲ್ಲೇ ತಗೋ ಅಂದ. ಬಾಗಿದ ಹ್ಯಾಂಡಲ್, ಬೆರಳು ಗಾತ್ರದ ಟೈರು, ಹೆದ್ದಾರಿ ಮೇಲೆ ಬಾಣದಂಗ ಹೋಗ್ತದಂತ. ಇನ್ನೊಬ್ಬ ದಪ್ಪ ಟೈರಿನ ಎಂಟಿಬಿ, ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗು ಇರೋದು ತಗೋ ಅಂದ. ಮೂರನೆಯವನು ಎಲ್ಲಾ ಬಿಟ್ಟು ಅಜ್ಜನ ಕರಿ ಸೈಕಲ್ಲೇ ಒರೆಸಿ ಎಣ್ಣೆ ಹಾಕು ಅಂದ. ಪಾಪ, ಕೇಳಿದವನು ಮೂರು ದಿನ ಮೊಬೈಲ್ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಂಡ. (ಈ ಲೇಖನದಾಗ ಬೈಕ್ ಅನ್ನೋ ಮಾತು ಬಳಸೋದಿಲ್ಲ. ಕಲಬುರಗಿಯಲ್ಲಿ ಬೈಕ್ ಅಂದ್ರ ಪೆಟ್ರೋಲ್ ಕುಡಿಯೋದು.)

ಈ ಜಗಳದ ನಡುವೆ ಸೈಕಲ್ ಚರಿತ್ರೆಯ ಪುಟಗಳನ್ನ ತಿರುವಿದಾಗ ಗೊತ್ತಾಯ್ತು: ಇದೇ ಜಗಳವನ್ನ ಒಬ್ಬ ಮನುಷ್ಯ ನಲವತ್ತು ವರ್ಷ ಒಬ್ಬನೇ ನಿಂತು ಆಡಿದ್ದಾನೆ. ಅವನ ಹೆಸರು ಪಾಲ್ ದ ವಿವೀ. ಸೈಕಲ್ ಲೋಕಕ್ಕೆಲ್ಲ ಪರಿಚಯವಾದದ್ದು ವೆಲೊಸಿಯೊ ಅನ್ನೋ ಲೇಖನನಾಮದಿಂದ.

ಹುಟ್ಟಿದ್ದು 1853ರಲ್ಲಿ, ದಕ್ಷಿಣ ಫ್ರಾನ್ಸಿನ ಪೆರ್ನ್ ಎಂಬ ಸಣ್ಣ ಊರಿನಲ್ಲಿ. ಇವತ್ತು ಟೂರ್ ದ ಫ್ರಾನ್ಸ್ ನೋಡುವವರಿಗೆಲ್ಲ ಗೊತ್ತಿರುವ ಮೋಂ ವಾಂಟೂ ಎಂಬ ಬೋಳು ಬೆಟ್ಟ ಆ ಸೀಮೆಯದೇ. ಹುಡುಗ ಬೆಳೆದು ಹಿಡಿದದ್ದು ಮಾತ್ರ ರೇಷ್ಮೆ ವ್ಯಾಪಾರ. ವ್ಯಾಪಾರಕ್ಕೆ ನೆಲೆಸಿದ್ದು ಸೇಂತ್ ಎತಿಯೆನ್ ಎಂಬ ಊರಿನಲ್ಲಿ. ಕಲ್ಲಿದ್ದಲು ಗಣಿ, ಬಂದೂಕಿನ ಕಾರ್ಖಾನೆ, ರೇಷ್ಮೆ ರಿಬ್ಬನ್ ನೇಯುವ ಮಗ್ಗಗಳು, ಹಿಂಗ ದುಡಿಯೋ ಜನರ ಊರು ಅದು. ಮೂವತ್ತರ ಒಳಗೇ ಮದುವೆ, ಮಕ್ಕಳು, ಸ್ವಂತ ವ್ಯಾಪಾರ ಎಲ್ಲಾ ಆಗಿತ್ತು. ಅಂದರೆ ಅಷ್ಟೊತ್ತಿಗೆ ಅವನ ಬಾಳು ಒಂದು ಹದಕ್ಕೆ ಬಂದು ಕೂತಿತ್ತು ಅನ್ನಬಹುದು.

1881ರಲ್ಲಿ ಅವನೊಂದು ಸೈಕಲ್ ಕೊಂಡ. ಆಗಿನ ಸೈಕಲ್ ಅಂದರೆ ನಾವು ಮ್ಯೂಸಿಯಂ ಚಿತ್ರದಲ್ಲಿ ನೋಡ್ತೀವಲ್ಲ, ಮುಂದೆ ಎದೆಯೆತ್ತರದ ಗಾಲಿ, ಹಿಂದೆ ಗೇಣುದ್ದದ ಗಾಲಿ, ಅದು. ಚೈನ್ ಇಲ್ಲ, ಪೆಡಲ್ ನೇರ ಮುಂದಿನ ಗಾಲಿಯ ನಡುವಿಗೇ. ಒಮ್ಮೆ ತುಳಿದರೆ ಗಾಲಿ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕಂದ್ರ ಗಾಲಿಯನ್ನೇ ದೊಡ್ಡದು ಮಾಡಬೇಕು, ಬೇರೆ ಉಪಾಯವೇ ಇಲ್ಲ. ಬಿದ್ದರೆ ತಲೆ ಮೊದಲು ನೆಲಕ್ಕೆ. ಅಂಥಾ ಸೈಕಲ್ ಹತ್ತಿ ಆ ಮನುಷ್ಯ ಕೆಟ್ಟ. ಮರುವರ್ಷವೇ ಊರಿನಲ್ಲಿ ಸೈಕಲ್ ಸಂಘ ಕಟ್ಟುವವರ ಜೊತೆ ಸೇರಿದ.

ರೇಷ್ಮೆ ವ್ಯವಹಾರಕ್ಕೆ ಅವನು ಇಂಗ್ಲೆಂಡಿನ ಕೊವೆಂಟ್ರಿಗೆ ಹೋಗಿಬರುತ್ತಿದ್ದ. ಕೊವೆಂಟ್ರಿ ಕೂಡ ರಿಬ್ಬನ್ ನೇಯುವ ಊರೇ. ಆ ಕಸುಬು ಕುಸಿದಾಗ ಊರು ಸೈಕಲ್ ಕಡೆ ಹೊರಳಿತ್ತು. ಅಲ್ಲೇ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಎಂಬ ಸೈಕಲ್ ತಂದ. ಎರಡೂ ಗಾಲಿ ಹೆಚ್ಚುಕಮ್ಮಿ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನು. ನಾವು ಇವತ್ತು ತುಳಿಯೋದು ಅದರ ಮೊಮ್ಮಕ್ಕಳನ್ನೇ. ಚೈನ್ ಬಂತಂದ್ರ ಏನಾಯ್ತು ನೋಡ್ರಿ: ಮುಂದಿನ ಹಲ್ಲು ಎಷ್ಟು, ಹಿಂದಿನ ಹಲ್ಲು ಎಷ್ಟು ಅನ್ನೋ ಅನುಪಾತ ಬದಲಿಸಿದರೆ ಸಾಕು, ಗಾಲಿ ಅಳತೆ ಮುಟ್ಟಬೇಕಿಲ್ಲ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ತಂದ. ಗೇರು ಮತ್ತು ಟೈರು, ನಮ್ಮ ಗೆಳೆಯನ ಜಗಳದ ಎರಡೂ ಮೂಲಗಳು ಮೂರು ವರ್ಷದ ಅಂತರದಲ್ಲಿ ಹುಟ್ಟಿದವು.

1887ರಲ್ಲಿ ದ ವಿವೀ ರೇಷ್ಮೆ ವ್ಯಾಪಾರ ಮಾರಿಬಿಟ್ಟ. ಮೂವತ್ನಾಕು ವಯಸ್ಸು, ಮನೆ ತುಂಬ ಸಂಸಾರ, ಚಲೋ ನಡೆಯುವ ದಂಧೆ. ಅದನ್ನ ಬಿಟ್ಟು ಸೈಕಲ್ ಅಂಗಡಿ ತೆಗೆದ. ಅಷ್ಟಕ್ಕೇ ನಿಲ್ಲಲಿಲ್ಲ, ಪತ್ರಿಕೆಯನ್ನೂ ಶುರು ಮಾಡಿದ. ಅದೇ ಮುಂದೆ ‘ಲ ಸಿಕ್ಲಿಸ್ತ್’ ಎಂಬ ಹೆಸರಿನಿಂದ ದಶಕಗಳ ಕಾಲ ನಡೆಯಿತು. ಕ್ಯಾಂಪಸ್ಸಿನೊಳಗೆ ಒಂದು ಪತ್ರಿಕೆ ಮಾಡೋಕೇ ತಿಂಗಳುಗಟ್ಟಲೆ ಲೇಖನಕ್ಕಾಗಿ ಬೇಡಿಕೊಳ್ಳುವ ನಮಗೆ ಈ ಮನುಷ್ಯನ ಮೇಲೆ ಮೊದಲು ಗೌರವ ಹುಟ್ಟಿದ್ದು ಇಲ್ಲೇ. ಅಂಗಡಿಯವನೂ ಅವನೇ, ಸಂಪಾದಕನೂ ಅವನೇ, ಸೈಕಲ್ ತುಳಿದು ಪರೀಕ್ಷೆ ಮಾಡುವವನೂ ಅವನೇ. ವಾರಾಂತ್ಯ ಬೆಟ್ಟ ಹತ್ತುವುದು, ಬಂದು ಯಾವ ಗೇರು ಎಲ್ಲಿ ಒಗ್ಗಿತು, ಎಲ್ಲಿ ಒಗ್ಗಲಿಲ್ಲ ಅಂತ ಬರೆಯುವುದು. ಸೈಕಲ್ ತುಳಿಯುತ್ತ ದೇಶ ನೋಡುವ ಹವ್ಯಾಸಕ್ಕೆ ಫ್ರೆಂಚಿನಲ್ಲಿ ಇರುವ ಸಿಕ್ಲೊತೂರಿಸ್ಮ್ ಎಂಬ ಪದ ಅವನೇ ಟಂಕಿಸಿದ್ದು ಅಂತಾರೆ.

ಸೇಂತ್ ಎತಿಯೆನ್ನಿನ ತೆಂಕಣಕ್ಕೆ ಕೊಲ್ ದ ಲಾ ರೆಪುಬ್ಲೀಕ್ ಎಂಬ ಕಣಿವೆ ದಾರಿ. ಎತ್ತರ 1161 ಮೀಟರ್. ಊರಿನಿಂದ ಆರು ನೂರು ಮೀಟರಿಗಿಂತ ಹೆಚ್ಚಿನ ಏರು. ಅವನ ಪ್ರಯೋಗಶಾಲೆ ಅದೇ. 1889ರ ಸುಮಾರಿಗೆ ಅಲ್ಲಿ ನಡೆಯಿತೆನ್ನುವ ಒಂದು ಕಥೆಯನ್ನ ಸೈಕಲ್ಲಿನವರು ಇವತ್ತಿಗೂ ಹೇಳ್ತಾರೆ. ವೆಲೊಸಿಯೊ ಏದುಸಿರು ಬಿಡ್ತಾ ಏರುತ್ತಿದ್ದಾಗ ಒಬ್ಬ ತರುಣ ಬಾಯಲ್ಲಿ ಪೈಪು ಕಚ್ಚಿಕೊಂಡು, ಹೊಗೆ ಬಿಡುತ್ತ, ಆರಾಮಾಗಿ ಅವನನ್ನ ಹಿಂದೆ ಹಾಕಿ ಹೋದನಂತೆ. ಆ ತರುಣನ ಕಾಲಲ್ಲಿ ಬಲ ಹೆಚ್ಚಿತ್ತೋ ಇಲ್ಲವೋ, ಅವನ ಸೈಕಲ್ಲಿನ ಗೇರು ಮಾತ್ರ ಚಿಕ್ಕದಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸಿ ಸುಮ್ಮನಾಗುತ್ತಿದ್ದರು. ಇವನು ಮನೆಗೆ ಬಂದು ಲೆಕ್ಕ ಹಾಕಿದ.

ಲೆಕ್ಕ ಕಷ್ಟದ್ದಲ್ಲ, ನಾವೂ ಹಾಕೋಣ. ಇವತ್ತಿನ 700 ಅಳತೆಯ ಗಾಲಿಗೆ 40 ಮಿ.ಮೀ. ಟೈರು ಹಾಕಿದರೆ ಸುತ್ತಳತೆ ಸುಮಾರು 2.2 ಮೀಟರ್. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಒಂದು ತುಳಿತಕ್ಕೆ ಸೈಕಲ್ ಹೋಗುವುದು ಸುಮಾರು 5.4 ಮೀಟರ್. ನಿಮಿಷಕ್ಕೆ 75 ಸಲ ತುಳಿದರೆ ಗಂಟೆಗೆ 24 ಕಿ.ಮೀ. ವೇಗ. ಸಪಾಟು ಹೆದ್ದಾರಿಗೆ ಇದು ಸಾಕು. ಅದೇ ಗೇರಿನಲ್ಲಿ ಕಡಿದಾದ ಏರು ಬಂತಂದ್ರ ವೇಗ ಎಂಟಕ್ಕೆ ಇಳಿತದ, ತುಳಿತ ನಿಮಿಷಕ್ಕೆ 25ಕ್ಕೆ. ಪ್ರತಿ ತುಳಿತಕ್ಕೂ ಎದ್ದು ನಿಂತು ಮೈಭಾರ ಹಾಕಬೇಕು, ಮಂಡಿ ಚಿಪ್ಪು ಚೀರತದ. ಈಗ ಮುಂದೆ 34, ಹಿಂದೆಯೂ 34 ಹಾಕಿ: ಒಂದು ತುಳಿತಕ್ಕೆ 2.2 ಮೀಟರ್. ಅದೇ ಎಂಟು ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 60 ತುಳಿತ. ಮಾಡಿದ ಕೆಲಸ ಅಷ್ಟೇ, ಗುರುತ್ವಾಕರ್ಷಣೆ ಯಾರಿಗೂ ರಿಯಾಯಿತಿ ಕೊಡೋದಿಲ್ಲ. ಆದರೆ ಅದೇ ಶಕ್ತಿಯನ್ನ ಸಣ್ಣ ಸಣ್ಣ ಕಂತಿನಲ್ಲಿ ಕಟ್ಟಿದಂಗ. ಇಎಂಐ ಅಂದ್ರ ಬೇಗ ತಿಳೀತದೇನೋ ನಮ್ಮ ಓದುಗರಿಗೆ!

ವೆಲೊಸಿಯೊ ಮಾಡಿದ್ದು ಇದನ್ನೇ, ಆದರೆ ಗೇರು ಬದಲಿಸುವ ಯಂತ್ರ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮೊದಲು ಪೆಡಲಿನ ಹತ್ತಿರ ಎರಡು ಹಲ್ಲುಚಕ್ರ ಕೂಡಿಸಿ, ಇಳಿದು ಕೈಯಿಂದ ಚೈನ್ ಎತ್ತಿ ಬದಲಿಸಿದ. ಕೈಯೆಲ್ಲ ಎಣ್ಣೆ. ಆಮೇಲೆ ಎಡಕ್ಕೊಂದು ಬಲಕ್ಕೊಂದು ಚೈನ್ ಇರುವ ಸೈಕಲ್ಲುಗಳನ್ನ ಪ್ರಯತ್ನಿಸಿದ. ಮುಂದೆ ತುಳಿದರೆ ದೊಡ್ಡ ಗೇರು, ಹಿಂದಕ್ಕೆ ತುಳಿದರೆ ಚಿಕ್ಕ ಗೇರು, ಎರಡರಲ್ಲೂ ಸೈಕಲ್ ಮುಂದಕ್ಕೇ ಹೋಗುವ ಒಂದು ವಿಚಿತ್ರ ಪದ್ಧತಿ ಕೂಡ ಆ ಕಾಲದ್ದು. ಅವನ ಊರಿನಲ್ಲೇ ತಯಾರಾಗುತ್ತಿದ್ದ ಇರೊಂದೆಲ್ ಸೈಕಲ್ಲುಗಳಲ್ಲಿ ಅದು ಇತ್ತು. ಮೆಕ್ಯಾನಿಕಲ್‌ನವರು ಇದರ ಚೈನ್ ಹಾದಿ ಹೆಂಗಿರಬಹುದು ಅಂತ ಹಾಳೆ ಮೇಲೆ ಬಿಡಿಸಿ ನೋಡ್ರಿ, ಒಂದು ಸಂಜೆ ಹೋಗತದ. ಕಡೆಗೆ ಚೈನನ್ನೇ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಡೆರೈಲರ್ ಕಡೆಗೆ ಬಂದು ನಿಂತ. ಡೆರೈಲರ್ ಅವನೊಬ್ಬನ ಆವಿಷ್ಕಾರ ಅಂದರೆ ತಪ್ಪಾದೀತು. ಅದರ ಹಿಂದೆ ಹತ್ತಾರು ಕೈಗಳಿವೆ. ಆದರೆ ಅದನ್ನ ಬೆಟ್ಟಕ್ಕೆ ಒಯ್ದು, ಮುರಿದು, ರಿಪೇರಿ ಮಾಡಿ, ಮತ್ತ ಒಯ್ದು, ಜನಕ್ಕೆ ಬರೆದು ಹೇಳಿದ ದೊಡ್ಡ ಗಂಟಲು ಅವನದು.

ಇಷ್ಟು ಮಾಡಿದವನಿಗೆ ಹಾರ ಹಾಕಬೇಕಿತ್ತು. ನಗೆಪಾಟಲು ಮಾಡಿದರು. ಆಗಿನ ರೇಸಿನವರ ನಂಬಿಕೆ ಏನಪಾ ಅಂದ್ರ ಗಂಡಸಾದವನು ಒಂದೇ ಗೇರಿನಲ್ಲಿ ಬೆಟ್ಟ ಹತ್ತಬೇಕು, ಗೇರು ಬದಲಿಸೋದು ಮುದುಕರಿಗೆ, ಹೆಂಗಸರಿಗೆ. ಈ ಪಕ್ಷದ ಮುಂದಾಳು ಆಂರಿ ದೆಗ್ರಾಂಜ್, ಪತ್ರಿಕೆಯ ಸಂಪಾದಕ, ಮುಂದೆ 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯ ಹುಟ್ಟುಹಾಕಿದವನು. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಪಿರನೀಸ್ ಬೆಟ್ಟಗಳಲ್ಲಿ, 2115 ಮೀಟರ್ ಎತ್ತರದ ತೂರ್ಮಲೆ ಕಣಿವೆ ದಾರಿಯ ಮೇಲೆ ಒಂದು ಪರೀಕ್ಷೆ ಇಟ್ಟಿತು. ಅಲ್ಲಿ ವೆಲೊಸಿಯೊನ ಗೋಲುವಾಜ್ ಸೈಕಲ್ಲಿಗೆ ಮೂರು ಗೇರು ಹಾಕಿಕೊಂಡು ಬಂದ ಮಾರ್ತ್ ಎಸ್ ಎಂಬ ಹೆಣ್ಣುಮಗಳು, ಒಂದೇ ಗೇರಿನ ಮೇಲಿದ್ದ ಎದುವಾರ್ ಫಿಶರ್ ಎಂಬ ಹೆಸರಾಂತ ಪಂದ್ಯಗಾರನನ್ನ ಮೀರಿಸಿದಳು ಅನ್ನೋದು ಸೈಕಲ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ನಮ್ಮ ಕ್ಯಾಂಪಸ್ಸಿನಲ್ಲಿ ಯಾರಾದರೂ ಹಿಂಗ ಸೋತಿದ್ದರೆ ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ದೆಗ್ರಾಂಜ್ ಮಾತ್ರ ಜಗ್ಗಲಿಲ್ಲ. ಯಂತ್ರದ ಕುತಂತ್ರಕ್ಕಿಂತ ಸ್ನಾಯುವಿನ ಬಲದಿಂದ ಗೆಲ್ಲೋದೇ ಲೇಸು ಎಂಬುದು ಅವನ ವಾದ.

ಆ ವಾದದ ಬೆಲೆ ಯಾರು ತೆತ್ತರು? ಟೂರ್ ದ ಫ್ರಾನ್ಸ್ ಪಂದ್ಯದವರು ಮೂವತ್ತು ಚಿಲ್ಲರೆ ವರ್ಷ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುವಿ ಹಾಕಿ, ಇನ್ನೊಂದು ಮಗ್ಗುಲಿನ ಹಲ್ಲಿಗೆ ಚೈನ್ ಸೇರಿಸಿ ಏರಿದರು. ಮೇಲೆ ಹೋಗಿ ಮತ್ತ ಇಳಿದು ಮತ್ತ ತಿರುವಿದರು. ಆ ಪಂದ್ಯದಲ್ಲಿ ಡೆರೈಲರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ, ದೆಗ್ರಾಂಜ್ ಪಂದ್ಯದ ಚುಕ್ಕಾಣಿ ಬಿಟ್ಟ ಮೇಲೆ. ಆಗ ವೆಲೊಸಿಯೊ ತೀರಿಕೊಂಡು ಏಳು ವರ್ಷ. ಅದೇ ಹೊತ್ತಿನಲ್ಲಿ ರಜಾದಿನ ಬೆಟ್ಟ ನೋಡೋಕೆ ಹೊರಟ ಸೇಂತ್ ಎತಿಯೆನ್ನಿನ ಸಾಮಾನ್ಯ ಜನ ದಶಕಗಳಿಂದ ಗೇರು ಬದಲಿಸುತ್ತ ಹಾಯಾಗಿ ಹೋಗುತ್ತಿದ್ದರು. ಜಗತ್ತಿನ ಅತಿ ದೊಡ್ಡ ಪಂದ್ಯಕ್ಕಿಂತ ಊರಿನ ಗುಮಾಸ್ತನ ಸೈಕಲ್ ಮುಂದುವರಿದಿತ್ತು.

ನಮ್ಮ ಹಾಸ್ಟೆಲಿನ ಮೊದಲ ಸಲಹೆಗಾರನಿಗೆ ಇದನ್ನ ಓದಿ ಹೇಳಿದಾಗ ಅವನು ಗೇರಿನ ಮಾತು ಒಪ್ಪಿದ, ಟೈರಿನ ಮಾತಿಗೆ ಹಠ ಹಿಡಿದ. ಸಣ್ಣ ಟೈರೇ ವೇಗ ಅಂತ ಟಿವಿಯಲ್ಲಿ ನೋಡಿ ಬೆಳೆದವರು ನಾವು. ವೆಲೊಸಿಯೊನ ಎರಡನೇ ಹಠ ಇದರ ಬಗ್ಗೆಯೇ.

ಒಂದು ಮಾತು ನೆನಪಿಡಬೇಕು. ಅವನ ಕಾಲದಲ್ಲಿ ರಸ್ತೆ ಸೈಕಲ್, ಗರಸಿನ ಸೈಕಲ್ ಅನ್ನೋ ಭೇದವೇ ಇರಲಿಲ್ಲ, ಯಾಕಂದ್ರ ರಸ್ತೆಗಳೆಲ್ಲ ಗರಸಿನವೇ. ಕಡಿ ಹಾಸಿ, ಮೇಲೆ ಪುಡಿಕಲ್ಲು ಹರಡಿ, ರೋಲರ್ ಹೊಡೆದ ಹಾದಿ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ರಾಡಿ. ಬೆಟ್ಟದ ಮೇಲಂತೂ ಎತ್ತಿನ ಗಾಡಿ ಜಾಡು. ಆ ಹಾದಿಯ ಮೇಲೆ ಅವನು ಸಣ್ಣ ಟೈರು, ದಪ್ಪ ಟೈರು ಎರಡನ್ನೂ ತುಳಿದು ನೋಡಿದ. ಐವತ್ತು ಸೆಂಟಿಮೀಟರಿನ ಸಣ್ಣ ಗಾಲಿಗೆ ಐದು ಸೆಂಟಿಮೀಟರ್ ಅಗಲದ ಮೆತ್ತನ ಟೈರು ಹಾಕಿಯೂ ಓಡಾಡಿದ. ಅಗಲ ಟೈರಿನಿಂದ ವೇಗ ಕುಂದೋದಿಲ್ಲ, ಮೈಗೆ ಸುಖ ಹೆಚ್ಚು ಅನ್ನೋದು ಅವನು ಕಂಡುಕೊಂಡದ್ದು. ರೇಸಿನವರು ಆಗಲೂ ನಕ್ಕರು.

ನಗುವುದಕ್ಕೆ ಮುಂಚೆ ನಾವು ಇಲ್ಲೂ ಲೆಕ್ಕ ಹಾಕಬಹುದು. ಸವಾರ, ಸೈಕಲ್, ಚೀಲ ಸೇರಿ 85 ಕಿಲೋ ಅಂತಿಟ್ಟುಕೊಳ್ಳಿ. ಹಿಂದಿನ ಗಾಲಿ ಮೇಲೆ ಅದರ ಅರವತ್ತು ಪಾಲು, ಅಂದರೆ ಸುಮಾರು 500 ನ್ಯೂಟನ್. ಟೈರಿನ ಗಾಳಿ 8 ಬಾರ್ ಇದ್ದರೆ ನೆಲ ಮುಟ್ಟುವ ಜಾಗ ಆರು ಚದರ ಸೆಂಟಿಮೀಟರ್ ಚಿಲ್ಲರೆ, 4 ಬಾರ್ ಇದ್ದರೆ ಅದರ ಎರಡರಷ್ಟು. ಗಾಜಿನಂಥ ನೆಲದ ಮೇಲೆ ಗಟ್ಟಿ ಟೈರು ಕಮ್ಮಿ ಬಾಗತದ, ಹಂಗಾಗಿ ಕಮ್ಮಿ ಶಕ್ತಿ ತಿಂತದ, ಖರೇ. ಆದರೆ ಕಡಿ ಎದ್ದ ಹಾದಿ ಮೇಲೆ ಗಟ್ಟಿ ಟೈರು ಪ್ರತಿ ಕಲ್ಲಿಗೂ ಇಡೀ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತತದ. ಆ ಎತ್ತುವ ಶಕ್ತಿ ಬಂದದ್ದು ಎಲ್ಲಿಂದ? ನಿಮ್ಮ ಕಾಲಿನಿಂದಲೇ. ಹೋಗೋದು ಎಲ್ಲಿಗೆ? ಸೊಂಟ, ಭುಜ, ಹಲ್ಲು ಅಲುಗಾಡಿ ಬಿಸಿಯಾಗಿ ಹೋಗತದ. ಮೆತ್ತನ ಅಗಲ ಟೈರು ಕಲ್ಲನ್ನ ತನ್ನೊಳಗೆ ನುಂಗಿ ಮುಂದೆ ಸಾಗತದ. ಇತ್ತೀಚಿನ ವರ್ಷಗಳಲ್ಲಿ ರೇಸಿನವರೇ ಟೈರು ಅಗಲ ಮಾಡ್ಕೊಂಡು ಬರ್ತಿರೋದು, ಗ್ರಾವೆಲ್ ಸೈಕಲ್ ಅಂತ 40 ಮಿ.ಮೀ. ಆಜುಬಾಜಿನ ಟೈರಿನ ಸೈಕಲ್ ಮಾರುಕಟ್ಟೆಗೆ ಬಂದಿರೋದು ಈ ಲೆಕ್ಕದ ಮೇಲೇ. ಹೊಸ ಹೆಸರು, ಹೊಸ ಬಣ್ಣ, ಆದರೆ ವೆಲೊಸಿಯೊ ಇದನ್ನ ನೋಡಿದ್ದರೆ ಗುರುತು ಹಿಡಿಯಲಿಕ್ಕೆ ಒಂದು ಕ್ಷಣವೂ ಬೇಕಾಗುತ್ತಿರಲಿಲ್ಲ.

ಹಂಗಂತ ಅವನು ಯಂತ್ರದ ಹುಚ್ಚನಷ್ಟೇ ಅಂತ ತಿಳೀಬ್ಯಾಡ್ರಿ. ಮಾಂಸ ತಿನ್ನುತ್ತಿರಲಿಲ್ಲ. ಹಳೇ ಗ್ರೀಕ್ ಲ್ಯಾಟಿನ್ ಗ್ರಂಥಗಳನ್ನ ಓದುತ್ತಿದ್ದ. ಎಲ್ಲ ದೇಶದವರೂ ಮಾತಾಡಲಿ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆಯನ್ನ ಕಲಿತಿದ್ದ. ವರ್ಷಾ ವರ್ಷಾ ಈಸ್ಟರ್ ರಜೆಗೆ ಗೆಳೆಯರ ಗುಂಪು ಕಟ್ಟಿಕೊಂಡು ತನ್ನ ಹುಟ್ಟೂರಿನ ಸೀಮೆಯಾದ ಪ್ರೊವಾನ್ಸಿಗೆ ಸೈಕಲ್ ಮೇಲೆ ಹೋಗುತ್ತಿದ್ದ. ರಾತ್ರಿಯೆಲ್ಲ ತುಳಿಯುವುದೂ ಉಂಟು. ಹಸಿವಾಗುವ ಮುಂಚೆ ತಿನ್ನಬೇಕು, ಬಾಯಾರುವ ಮುಂಚೆ ಕುಡಿಯಬೇಕು, ಸುಸ್ತಾಗುವತನಕ ತುಳಿಯಬಾರದು, ಬರೇ ದೊಡ್ಡಸ್ತಿಕೆಗೆ ತುಳಿಯಬಾರದು ಅಂತ ಜೊತೆಯವರಿಗೆ ಹೇಳುತ್ತಿದ್ದ ಬುದ್ಧಿಮಾತು ಇವತ್ತಿಗೂ ಸೈಕಲ್ ಸಂಘಗಳಲ್ಲಿ ಓಡಾಡ್ತಾವೆ. ಕಲಬುರಗಿ ಬಿಸಿಲಿನಲ್ಲಿ ಎರಡನೇ ಮಾತು ಮರೆತವನಿಗೆ ಏನಾಗತದ ಅನ್ನೋದು ನಮಗೆ ಗೊತ್ತು. ಹೋದ ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಹೊರಟು ಮಹಾಗಾಂವ್ ಕ್ರಾಸಿನಲ್ಲಿ ಬೇವಿನ ಗಿಡದ ಕೆಳಗೆ ಅಂಗಾತ ಮಲಗಿದ್ದ ಇಬ್ಬರು ಈ ಪತ್ರಿಕೆಯ ಸಂಪಾದಕ ಮಂಡಳಿಯಲ್ಲೇ ಇದ್ದೇವೆ.

ಈಗ ಗೆಳೆಯನ ಸೈಕಲ್ ಮಾತಿಗೆ ಬರೋಣ. ವೆಲೊಸಿಯೊನಿಂದ ನಾವು ಕಲಿತದ್ದು ಒಂದು ಕ್ರಮ: ಮೊದಲು ಸೈಕಲ್ ನೋಡಬ್ಯಾಡ, ಮೊದಲು ಹಾದಿ ನೋಡು. ಹಂಗಾಗಿ ಒಂದು ಭಾನುವಾರ ಸಿಕ್ಕ ಸಿಕ್ಕ ಸೈಕಲ್ ತಗೊಂಡು ಬೆಳಿಗ್ಗೆ ಐದೂವರೆಗೆ ಹೊರಟೆವು. ಒಂದು ಎರವಲು ರೇಸ್ ಸೈಕಲ್, ಒಂದು ಸ್ಪ್ರಿಂಗಿನ ಎಂಟಿಬಿ, ಒಂದು ಕರಿ ಸೈಕಲ್. ಹುಮನಾಬಾದ್ ರಸ್ತೆ ಹಿಡಿದು ಊರು ಬಿಟ್ಟ ಮೇಲೆ ರೇಸ್ ಸೈಕಲ್ಲು ಕಣ್ಣಿಗೆ ಕಾಣಲಿಲ್ಲ. ಎಂಟಿಬಿಯವನು ಒಂದೇ ಸಮನೆ ಬಯ್ಯುತ್ತಿದ್ದ. ಅವನು ತುಳಿದರೆ ಅರ್ಧ ಬಲ ಸ್ಪ್ರಿಂಗು ಕುಣಿಯೋದಕ್ಕೇ ಹೋಗುತ್ತಿತ್ತು, ಮೇಲೆ ಗುಬುಟು ಗುಬುಟು ಟೈರು ಡಾಂಬರಿನ ಮೇಲೆ ಜೇನು ಹುಳದಂಗ ಗುಂಯ್ ಅನ್ನುತ್ತಿತ್ತು. ಸೋವಿ ಸೈಕಲ್ಲಿನ ಸ್ಪ್ರಿಂಗು ಅಂದ್ರ ಭಾರಕ್ಕೊಂದು ನೆಪ ಅಷ್ಟೆ. ಕಮಲಾಪುರದ ಹತ್ತಿರ ಏರಿಳಿತ ಬಂದಾಗ ಕರಿ ಸೈಕಲ್ಲಿನವನು ಇಳಿದು ತಳ್ಳಿದ. ವೆಲೊಸಿಯೊನ ಮೊದಲ ಪಾಠ ಅವನಿಗೆ ಪ್ರತ್ಯಕ್ಷವಾಗಿ ಸಿಕ್ಕಿತು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಿಂದೆವು. ಭೌಗೋಳಿಕ ಗುರುತು ಸಿಕ್ಕ ಹಣ್ಣದು. ದಪ್ಪ ಸಿಪ್ಪೆ, ಒಂದು ತಿಂದರ ಹೊಟ್ಟೆ ಭರ್ತಿ. ಅಲ್ಲಿಂದ ಗೆಳೆಯನ ಊರಿನ ಗರಸಿನ ಹಾದಿಗೆ ಇಳಿದ ಹತ್ತೇ ನಿಮಿಷಕ್ಕೆ ರೇಸ್ ಸೈಕಲ್ಲಿನ ಟೈರು ಕಲ್ಲಿಗೆ ಬಡಿದು ರಿಮ್ಮಿನ ನಡುವೆ ಟ್ಯೂಬು ಚಿವುಟಿ ಎರಡು ತೂತು. ಪ್ಯಾಚ್ ಹಾಕಿ ಹೊರಟರೆ ಮುಂದೆ ಜಾಲಿ ಮುಳ್ಳು. ಬೆಳಿಗ್ಗೆ ಬಾಣದಂಗ ಹೋದವನು ಕೊನೇ ಎರಡು ಕಿಲೋಮೀಟರ್ ಸೈಕಲ್ಲನ್ನ ಹೆಗಲ ಮೇಲೆ ಹೊತ್ತು ನಡೆದ. ಹೊಲದಾಗ ಕೆಲಸ ಮಾಡ್ತಿದ್ದ ಗೆಳೆಯನ ಅವ್ವ ದೂರದಿಂದ ನೋಡಿ, ಸೈಕಲ್ ಮನುಷ್ಯನ ಮೇಲೆ ಕೂತು ಬರೋದು ಇದೇ ಮೊದಲ ಸಲ ಕಂಡೆ ಅಂತ ನಕ್ಕರು.

ಅಲ್ಲೇ ಇನ್ನೊಂದು ಪಾಠ ಸಿಕ್ಕಿತು, ಇದು ವೆಲೊಸಿಯೊನ ಪುಸ್ತಕದಾಗ ಇಲ್ಲದ್ದು. ಹಿಂದಿನ ರಾತ್ರಿ ಆ ಕಡೆ ಮಳೆಯಾಗಿತ್ತು. ಗರಸು ಮುಗಿದು ಹೊಲದ ಬದುವಿನ ಹಾದಿಯಲ್ಲಿ ಎರೆ ಮಣ್ಣು. ಎರೆ ಮಣ್ಣು ಹಸಿಯಾದರೆ ಗೊತ್ತಲ್ಲ, ಚಪ್ಪಲಿಗೇ ಒಂದೊಂದು ಕಿಲೋ ಹತ್ತಿಕೊಳ್ತದ. ಎಂಟಿಬಿಯ ಟೈರು ಅಗಲ ಇತ್ತು ಖರೇ, ಆದರೆ ಟೈರಿಗೂ ಫ್ರೇಮಿಗೂ ನಡುವೆ ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಇಪ್ಪತ್ತು ಮಾರು ಹೋಗೋದ್ರಾಗ ಮಣ್ಣು ತುಂಬಿ ಗಾಲಿ ತಿರುಗೋದೇ ನಿಂತಿತು. ಮಡ್‌ಗಾರ್ಡ್ ಎತ್ತರ ಇದ್ದ ಅಜ್ಜನ ಕರಿ ಸೈಕಲ್ಲು ಮಾತ್ರ ಉರುಳಿತು. ಟೈರಿನ ಅಗಲದಷ್ಟೇ ಅದರ ಸುತ್ತಲಿನ ಖಾಲಿ ಜಾಗವೂ ಮುಖ್ಯ ಅಂತ ಸೈಕಲ್ ಅಂಗಡಿಯ ಯಾವ ಚೀಟಿಯಲ್ಲೂ ಬರೆದಿರೋದಿಲ್ಲ.

ಅಂದ್ರ ಬೇಕಾದದ್ದು ಏನು? ಹೆದ್ದಾರಿಯ 35 ಕಿ.ಮೀ.ಗೆ ಗುಬುಟಿಲ್ಲದ, ನಯವಾದ ಮೈಯ ಟೈರು. ಗರಸಿನ ಆರೇಳು ಕಿ.ಮೀ.ಗೆ ಅದು 38ರಿಂದ 42 ಮಿ.ಮೀ. ಅಗಲ, ಸುತ್ತ ಕಡೇಪಕ್ಷ ಒಂದು ಬೆರಳಿನ ಜಾಗ. ಗಾಳಿ ಹೆದ್ದಾರಿಯಲ್ಲಿ ಸ್ವಲ್ಪ ಗಟ್ಟಿ, ಕಮಲಾಪುರದಲ್ಲಿ ಒಂದಿಷ್ಟು ಬಿಟ್ಟರಾಯ್ತು. ಏರಿಗೆ ಒಂದು ಚಿಕ್ಕ ಗೇರು. ಸ್ಪ್ರಿಂಗು ಬ್ಯಾಡ. ತೊಗರಿ ಬ್ಯಾಳಿ ಚೀಲ ಕಟ್ಟಲಿಕ್ಕೆ ಹಿಂದೆ ಕ್ಯಾರಿಯರ್ ಕೂಡಿಸುವ ತೂತು ಫ್ರೇಮಿನಲ್ಲೇ ಇರಬೇಕು. ಹೊಸ ಗ್ರಾವೆಲ್ ಸೈಕಲ್ಲಿನ ಬೆಲೆ ನೋಡಿ ಗೆಳೆಯ ಮೊಬೈಲ್ ತಿರುವಿ ಇಟ್ಟ. ಆದರೆ ಈ ಬೇಡಿಕೆಗೆಲ್ಲ ಹೊಂದುವ ಇನ್ನೊಂದು ಜಾತಿ ಇದೆ, ಯಾರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋದಿಲ್ಲ: ಸ್ಪ್ರಿಂಗಿಲ್ಲದ ಹಳೇ ಹೈಬ್ರಿಡ್.

ಎರಡು ವಾರ ಹುಡುಕಿ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಉಕ್ಕಿನ ಫ್ರೇಮು, ಬಣ್ಣ ಅಲ್ಲಲ್ಲಿ ಕಿತ್ತಿದೆ. ಮುಂದೆ ಮೂರು ಹಲ್ಲುಚಕ್ರ, ಅತಿ ಚಿಕ್ಕದಕ್ಕೆ 28 ಹಲ್ಲು. ಹಿಂದಿನ ದೊಡ್ಡದಕ್ಕೆ 34. ಲೆಕ್ಕ ಹಾಕಿದರೆ ಒಂದು ತುಳಿತಕ್ಕೆ 1.8 ಮೀಟರ್. ಚೀಲ ಕಟ್ಟಿಕೊಂಡೂ ಏರು ಹತ್ತಬಹುದು. ಟೈರು ಸವೆದಿದ್ದವು, 38 ಮಿ.ಮೀ.ನ ಹೊಸ ಜೋಡಿ ಹಾಕಿಸಿದ. ಟ್ಯೂಬಿನೊಳಗೆ ಮುಳ್ಳಿನ ತೂತು ಮುಚ್ಚುವ ದ್ರವ. ಬ್ರೇಕ್ ಹಳೇ ಪದ್ಧತಿಯ ರಬ್ಬರಿನದೇ, ರಾಡಿಯಲ್ಲಿ ಡಿಸ್ಕಿನಷ್ಟು ಹಿಡಿಯೋದಿಲ್ಲ, ಆದರೆ ಕಮಲಾಪುರದ ಯಾವ ಸೈಕಲ್ ರಿಪೇರಿ ಅಂಗಡಿಯಲ್ಲೂ ಸರಿ ಮಾಡಿಸಬಹುದು. ಸ್ಕಾಲರ್‌ಶಿಪ್ಪಿನಲ್ಲಿ ಉಳಿದ ರೊಕ್ಕಕ್ಕೆ ಅವನು ಪಂಪು, ಎರಡು ಟ್ಯೂಬು ಕೊಂಡ. ರೇಸ್ ಸೈಕಲ್ ಪಕ್ಷದವನು ಇನ್ನೂ ಒಪ್ಪಿಲ್ಲ. ಹೆದ್ದಾರಿಯಲ್ಲಿ ತಾನೇ ಮುಂದೆ ಅಂತಾನೆ. ಅದು ಸುಳ್ಳೂ ಅಲ್ಲ. ಒಂದೇ ಸೈಕಲ್ ಅಂದ ಮೇಲೆ ಎಲ್ಲಾದರೂ ಒಂದು ಕಡೆ ಸ್ವಲ್ಪ ಬಿಟ್ಟುಕೊಡಲೇಬೇಕು. ಗೆಳೆಯ ಬಿಟ್ಟುಕೊಟ್ಟದ್ದು ಹೆದ್ದಾರಿಯ ಹತ್ತು ಹದಿನೈದು ನಿಮಿಷ.

ವೆಲೊಸಿಯೊ ಕೊನೇತನಕ ತುಳಿಯುತ್ತಲೇ ಇದ್ದ. 1922ರಿಂದ ಅವನ ಅಭಿಮಾನಿಗಳು ವರ್ಷಕ್ಕೊಂದು ದಿನ ಅವನ ಹೆಸರಿನಲ್ಲೇ ಅದೇ ಕೊಲ್ ದ ಲಾ ರೆಪುಬ್ಲೀಕ್ ಏರುವ ಪದ್ಧತಿ ಶುರು ಮಾಡಿದರು. ಹುಡುಗರು, ಮುದುಕರು, ಹೆಣ್ಣುಮಕ್ಕಳು, ಎಲ್ಲರೂ ತಮಗೊಗ್ಗಿದ ಗೇರಿನಲ್ಲಿ ಏರುವ ದಿನ ಅದು. ಅವನೂ ಅವರ ಜೊತೆ ಇರುತ್ತಿದ್ದ. 1930ರ ಆರಂಭದಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಸೇಂತ್ ಎತಿಯೆನ್ನಿನ ಬೀದಿಯಲ್ಲಿ ಸೈಕಲ್ ಹಿಡಿದು ನಡೆಯುತ್ತಿದ್ದಾಗ ಎದುರು ಬಂದ ಕಾರಿನಿಂದ ತಪ್ಪಿಸಿಕೊಳ್ಳಲು ಹಿಂದೆ ಸರಿದ. ಹಿಂದಿನಿಂದ ಟ್ರಾಮು ಬಂದು ಬಡಿಯಿತು. ಅಷ್ಟು ಬೆಟ್ಟ ಹತ್ತಿಳಿದವನು ತನ್ನೂರಿನ ಸಪಾಟು ಬೀದಿಯಲ್ಲಿ, ಅದೂ ಸೈಕಲ್ಲಿನಿಂದ ಇಳಿದು ನಡೆಯುವಾಗ ಹೋದ. ಆ ಕಣಿವೆ ದಾರಿಯ ತುದಿಯಲ್ಲಿ ಅವನ ಸ್ಮಾರಕ ಇದೆ.

ಗೆಳೆಯ ಈ ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿಸಿ ಊರಿಗೆ ಹೊರಡ್ತಾನೆ, ರಾಶಿ ಶುರುವಾಗಿದೆ. ಬರುವಾಗ ಕ್ಯಾರಿಯರ್ ಮೇಲೆ ಒಂದು ಗೊನೆ ಕೆಂಪು ಬಾಳೆ ಕಟ್ಟಿಕೊಂಡು ಬಾ ಅಂತ ಇಡೀ ಹಾಸ್ಟೆಲ್ ಹೇಳಿ ಕಳಿಸ್ತಿದೆ.